ಮಲಗಿಸಿದ ಕಾವಲು

ಬೀದಿಯವರು ತನ್ನನ್ನು ಸೂಜಿಯಕ್ಕ ಎಂದು ಕರೆಯುವುದು ಕಸೂತಿ ಕೆಲಸಕ್ಕಾಗಿ ಎಂದು ಅವಳು ನಂಬಿದ್ದಳು. ನಂಬಿಕೊಳ್ಳಲಿ ಬಿಡಿ. ಮನೆಯ ಮುಂದಿನ ಕೋಣೆಯಲ್ಲಿ ಆರು ಸೂಜಿಗಳ ಕಸೂತಿ ಮೆಷಿನ್ ಇದ್ದದ್ದು ನಿಜ. ಶಾಲೆಯ ಬ್ಯಾಡ್ಜು, ಟೋಪಿಯ ಮೇಲಿನ ಕಂಪನಿ ಹೆಸರು, ನರ್ಸುಗಳ ಕೋಟಿನ ಜೇಬಿನ ಗುರುತು, ಎಲ್ಲವನ್ನೂ ಅವಳು ಹೊಲಿದು ಕೊಡುತ್ತಿದ್ದದ್ದೂ ನಿಜ. ಆದರೆ ಹೆಸರು ಬಂದದ್ದು ಅವಳ ನಾಲಿಗೆಯಿಂದ. ನೀಲಿ ಸ್ವಲ್ಪ ಹೆಚ್ಚಾಯಿತು ಎಂದ ಗಿರಾಕಿಗೆ, "ತಪ್ಪು ದಾರದ್ದೋ ಕಣ್ಣಿಂದೋ, ಮೊದಲು ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ" ಎಂದವಳು ಅವಳು.

ಆ ನಾಲಿಗೆಯ ಏಟನ್ನು ಎಲ್ಲರಿಗಿಂತ ಹೆಚ್ಚು ತಿಂದವನು ಅವಳ ಒಬ್ಬನೇ ತಮ್ಮ. ಅವನಿಗೆ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಗಾಜಿನ ಬಾಗಿಲಿನ ಮೇಲೆ 'ರಕ್ಷಣೆಯಲ್ಲಿ ರಾಜಿ ಇಲ್ಲ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದ. ರಿಪೇರಿ ಹೆಸರಿಗೆ ಮಾತ್ರ. ಅವನ ಜೀವವೆಲ್ಲ ಆ್ಯಂಟಿವೈರಸ್ ಮಾರುವುದರಲ್ಲಿತ್ತು. ಕೀಲಿಮಣೆ ಬದಲಾಯಿಸಲು ಬಂದವನೂ ಒಂದು ಆ್ಯಂಟಿವೈರಸ್ ಡಬ್ಬಿ ಹಿಡಿದುಕೊಂಡೇ ಹೊರಗೆ ಬರಬೇಕು. ವರ್ಷಕ್ಕೊಮ್ಮೆ ಅಕ್ಕನ ಮನೆಗೂ ಅದೇ ಡಬ್ಬಿ ಹಿಡಿದು ಬರುತ್ತಿದ್ದ. ಬಂದು ಹತ್ತು ನಿಮಿಷದಲ್ಲಿ ಮುಖ ಊದಿಸಿಕೊಂಡು ಹೋಗುತ್ತಿದ್ದ.

"ಅಕ್ಕಾ, ಫ್ರೀ ಆ್ಯಂಟಿವೈರಸ್ ನಂಬ್ಕೊಂಡು ಕೂತಿದ್ದೀಯಲ್ಲ, ಒಂದಿನ ಕೈ ಕೊಡುತ್ತೆ ನೋಡು. ಪುಕ್ಕಟೆ ಸಿಕ್ರೆ ನನಗೊಂದಿರಲಿ, ನಮ್ಮಪ್ಪಂಗೊಂದಿರಲಿ ಅನ್ನೋ ಬುದ್ಧಿ ನಿಂದು."

"ನಮ್ಮಪ್ಪ ನಿನಗೂ ಅಪ್ಪಾನೇ. ನಿಮ್ಮ ಕಂಪನಿಗಳ ಕಥೆ ಗೊತ್ತಿಲ್ವಾ ನನಗೆ? ಮಗೂನೂ ಚಿವುಟೋದು, ತೊಟ್ಟಿಲೂ ತೂಗೋದು. ವೈರಸ್ ಬರೆಯೋರೂ ಅವರೇ, ಔಷಧಿ ಮಾರೋರೂ ಅವರೇ, ಮಧ್ಯೆ ನೀನೊಬ್ಬ ದಲ್ಲಾಳಿ."

"ದುಡ್ಡು ಕೊಟ್ಟಿದ್ದು ಬೇರೆ, ಕೊಡದಿದ್ದು ಬೇರೆ."

"ಬೊಗಳೋದಕ್ಕೆ ಎರಡೂ ಒಂದೇ."

ಅವಳ ಗಂಡ ನೀರು ಸರಬರಾಜು ಕಚೇರಿಯಿಂದ ನಿವೃತ್ತನಾದವನು, ಜಗಳವಾದಾಗಲೆಲ್ಲ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುವವನು. ಒಮ್ಮೆ ಮಾತ್ರ ಪೇಪರಿನ ಹಿಂದಿನಿಂದಲೇ, "ಇವರಿಬ್ಬರನ್ನೂ ಆ ಕಂಪ್ಯೂಟರ್ ಒಳಗೆ ಹಾಕಿ ಮುಚ್ಚಿದ್ರೆ ಸಾಕು, ವೈರಸ್ಸೇ ಓಡಿಹೋಗುತ್ತೆ" ಎಂದಿದ್ದ. ಆ ದಿನ ಅವನಿಗೆ ಎರಡನೆಯ ಕಾಫಿ ಸಿಗಲಿಲ್ಲ.

ಅಕ್ಕತಮ್ಮಂದಿರ ಎಣ್ಣೆ ಸೀಗೇಕಾಯಿ ಸಂಬಂಧಕ್ಕೆ ಬೇರು ಆ್ಯಂಟಿವೈರಸ್ಸಲ್ಲ, ಒಂದು ತುಂಡು ಬಟ್ಟೆ. ಅವರ ಅಮ್ಮ ಕೈಕಸೂತಿಯವಳು. ಅವಳು ತನಗಾಗಿ ಹಾಕಿಕೊಂಡದ್ದು ಒಂದೇ ಒಂದು: ಹನ್ನೊಂದು ಎಲೆಗಳ ಹಸಿರು ಬಳ್ಳಿ. ಅದರಲ್ಲಿ ಕೊನೆಯ ಎಲೆ ಹಿಂದಕ್ಕೆ ತಿರುಗಿತ್ತು. ತಪ್ಪಿ ಹಾಗಾಯಿತೋ ಬೇಕೆಂದೇ ಹಾಗೆ ಹಾಕಿದಳೋ, ಯಾರು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದಳು. ಅಮ್ಮ ಹೋದ ಮೇಲೆ ಅವಳ ಸಾಮಾನುಗಳಿಗೆ ಚೀಟಿ ಎತ್ತಿದರು. ಸೂಜಿಗಳ ತಗಡಿನ ಡಬ್ಬಿ ಅಕ್ಕನಿಗೆ ಬಂತು, ಬಳ್ಳಿಯ ಬಟ್ಟೆ ತಮ್ಮನಿಗೆ. ಜೀವಮಾನದಲ್ಲಿ ಸೂಜಿಗೆ ದಾರ ಪೋಣಿಸದವನಿಗೆ! ಅಕ್ಕ ಅವನ ಮುಂದೆ ಕೈಚಾಚಿ, ಮೂರು ತಿಂಗಳು ಕೊಡು, ನೋಡಿಕೊಂಡು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳುತ್ತೇನೆ ಎಂದು ಬೇಡಿದಳು. ಕೊಟ್ಟ. ತೊಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿ ವಾಪಸ್ ಒಯ್ದ. ಒಯ್ದು ಮಾಡಿದ್ದೇನು? ಅಂಗಡಿಯಲ್ಲಿ ಧೂಳು ಬೀಳಬಾರದೆಂದು ಮಾನಿಟರಿಗೆ ಹೊದಿಸಿದ. ಅವಳು ದಾರ ತರಲು ಹೋಗುವಾಗ ಗಾಜಿನ ಬಾಗಿಲಿನಾಚೆ ಅದು ಕಾಣುತ್ತಿತ್ತು.

ಆದರೂ ಬಳ್ಳಿ ಅವಳ ಬಳಿಯೂ ಇತ್ತು. ಒಂದೊಂದು ಹೊಲಿಗೆಯ ದಿಕ್ಕು, ಉದ್ದ, ಎಲ್ಲಿ ದಾರ ದಟ್ಟ, ಎಲ್ಲಿ ತೆಳು, ಎಲ್ಲವನ್ನೂ ಮೌಸ್ ಹಿಡಿದು ಗುರುತು ಮಾಡಿ ಕಡತವಾಗಿ ಇಟ್ಟಿದ್ದಳು. ಮೆಷಿನ್ನಿಗೆ ಕೊಟ್ಟರೆ ಗಂಟೆಯಲ್ಲಿ ಬಟ್ಟೆಯ ಮೇಲೆ ಮೂಡುತ್ತಿತ್ತು. ಕೊಡಲಿಲ್ಲ. ಆ ಹನ್ನೊಂದನೆಯ ಎಲೆ ಅವಳಿಗೆ ಸಮಾಧಾನ ಕೊಟ್ಟಿರಲಿಲ್ಲ. ಅಮ್ಮನ ಕೈ ಅಲ್ಲಿ ಎಳೆದದ್ದು ಹೀಗಲ್ಲ, ಇನ್ನೊಂಚೂರು ಬಾಗಬೇಕು ಎಂದು ಒಂಬತ್ತು ವರ್ಷ ತಿದ್ದುತ್ತಲೇ ಇದ್ದಳು. ಬಿಡುವು ಸಿಕ್ಕಿದ ಮಧ್ಯಾಹ್ನಗಳಲ್ಲಿ ಅದನ್ನು ತೆರೆದು ಕೂತಾಗ ಮಾತ್ರ ಅವಳ ಬಾಯಿ ಸುಮ್ಮನಿರುತ್ತಿತ್ತು.

ಈಗ ಕಂಪ್ಯೂಟರಿನ ವಿಷಯ. ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಇದೆಯಲ್ಲ, ಅದರ ಅಸಲಿ ಬೆಲೆ ಕೇಳಿದವರು ಕುರ್ಚಿ ಹುಡುಕಬೇಕು. ಅವಳ ಬಳಿ ಇದ್ದದ್ದು ಕದ್ದ ಪ್ರತಿ. ಹತ್ತು ವರ್ಷದ ಹಿಂದೆ ಅದನ್ನು ತಂದು ಹಾಕಿಕೊಟ್ಟವನು ಇದೇ ತಮ್ಮ. ಆಗಿನ್ನೂ ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವಷ್ಟು ಚೆನ್ನಾಗಿದ್ದರು. ಹಾಕಿದ ಮರುಕ್ಷಣವೇ ಆ್ಯಂಟಿವೈರಸ್ ಕಿರುಚಿಕೊಂಡಿತ್ತು. ಅವನು ನಕ್ಕು, "ಕದ್ದ ಮಾಲಲ್ವಾ, ಅದಕ್ಕೇ ಬೊಗಳುತ್ತೆ. ನೀನು ಕೆಲಸ ಶುರು ಮಾಡೋ ಮುಂಚೆ ಇದನ್ನ ಮಲಗಿಸ್ಬಿಡು, ಮುಗಿದ ಮೇಲೆ ಎಬ್ಬಿಸು. ಅಷ್ಟೇ" ಎಂದು ತೋರಿಸಿಕೊಟ್ಟಿದ್ದ.

ಅಂದಿನಿಂದ ಅದು ಹಲ್ಲುಜ್ಜುವಷ್ಟೇ ಸಹಜವಾದ ಅಭ್ಯಾಸ. ಬೆಳಿಗ್ಗೆ ಕಂಪ್ಯೂಟರ್ ಹಾಕು, ಮೂಲೆಯ ಗುರುತನ್ನು ಒತ್ತು, ಕಾವಲನ್ನು ಮಲಗಿಸು, ಡಿಸೈನ್ ತೆರೆ. ಸಂಜೆ ನೆನಪಾದರೆ ಎಬ್ಬಿಸು. ಎಬ್ಬಿಸಿದ ತಕ್ಷಣ ಆ ಫ್ರೀ ಆ್ಯಂಟಿವೈರಸ್ 'ನಿಮ್ಮ ರಕ್ಷಣೆ ಅಪೂರ್ಣ! ಇಂದೇ ಕೊಳ್ಳಿ!' ಎಂದು ಪರದೆಯ ತುಂಬ ಹಬ್ಬಿಕೊಳ್ಳುತ್ತಿತ್ತು. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ. ನೀನೂ ಅವನ ಕಡೆಯವನೇ" ಎಂದು ಬೈದು ಮತ್ತೆ ಮಲಗಿಸುತ್ತಿದ್ದಳು. ಬರಬರುತ್ತ ಎಬ್ಬಿಸುವುದೇ ಅಪರೂಪವಾಯಿತು.

ಅವಳಿಗೆ ಭಯವಿರಲಿಲ್ಲ. ಎಲ್ಲ ಡಿಸೈನುಗಳ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿನ ಹಿಂಭಾಗದಲ್ಲಿ ಚುಚ್ಚಿದ ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದಳು. ಕಳೆದುಹೋದೀತೆಂದು ಅದನ್ನು ಅಲ್ಲಿಂದ ಕೀಳುತ್ತಲೇ ಇರಲಿಲ್ಲ. ಕಪಾಟಿನ ಕೀಲಿಯನ್ನು ಕಪಾಟಿಗೇ ನೇತುಹಾಕಿದ ಜಾಣತನ.

ಒಂದು ಮಂಗಳವಾರ ಸಮವಸ್ತ್ರದ ಅಂಗಡಿಯವನು ಹೊಸ ಟೋಪಿಗಳ ಗುರುತನ್ನು ತನ್ನ ಪೆನ್‌ಡ್ರೈವಿನಲ್ಲಿ ತಂದುಕೊಟ್ಟು, ಸಂಜೆ ಬರುತ್ತೇನೆಂದು ಹೋದ. ಅವಳು ಅದನ್ನು ಚುಚ್ಚಿ, ಗುರುತನ್ನು ತೆರೆದು, ಅಕ್ಷರಗಳು ತೀರಾ ಸಣ್ಣವಾದವೆಂದು ಅವನನ್ನು ಶಪಿಸಿ, ದಾರ ಹುಡುಕಲು ಎದ್ದಳು. ಮರಳಿ ಬರುವಷ್ಟರಲ್ಲಿ ಪರದೆಯ ಮೇಲಿನ ಹೆಸರುಗಳು ಒಂದೊಂದಾಗಿ ಬದಲಾಗುತ್ತಿದ್ದವು. ಶಾಲೆ, ನರ್ಸ್, ಟೋಪಿ ಎಂದಿದ್ದ ಕಡೆ ತಲೆಬುಡವಿಲ್ಲದ ಅಕ್ಷರಗಳು. ತೆರೆದರೆ ಖಾಲಿ. ತಂತಿ ಕಿತ್ತಳು, ಮತ್ತೆ ಹಾಕಿದಳು. ಹಿಂಭಾಗದ ಪೆನ್‌ಡ್ರೈವಿನಲ್ಲಿ ನೋಡಿದಳು. ಅಲ್ಲೂ ಹಾಗೆಯೇ. ಕೊನೆಗೆ 'ಅಮ್ಮ' ಎಂದು ಹೆಸರಿಟ್ಟಿದ್ದ ಕಡತವನ್ನು ಹುಡುಕಿದಳು. ಆ ಹೆಸರಿನದು ಯಾವುದೂ ಇರಲಿಲ್ಲ.

ಬ್ಯಾಡ್ಜು, ಟೋಪಿಗಳನ್ನೆಲ್ಲ ಮತ್ತೆ ಬಿಡಿಸಬಹುದಿತ್ತು. ಬಟ್ಟೆ ತಮ್ಮನ ಮಾನಿಟರಿನ ಮೇಲಿರುವಾಗ ಬಳ್ಳಿಯನ್ನು ಯಾವುದನ್ನು ನೋಡಿ ಬಿಡಿಸುವುದು? ಜೋರಾಗಿ ಅತ್ತಳು. ಗಂಡ ಪೇಪರು ಕೆಳಗಿಟ್ಟು ಬಂದು ಪಕ್ಕದಲ್ಲಿ ನಿಂತ. ಏನು ಹೇಳಬೇಕೆಂದು ತಿಳಿಯದೆ, "ಕೊನೆಗೂ ತಮ್ಮ ಹೇಳಿದ್ದೇ ಆಯ್ತಲ್ಲ. ದುಡ್ಡು ಕೊಟ್ಟು ಒಂದು ತಗೊಂಡಿದ್ರೆ..." ಎಂದ. ಅವಳ ಅಳು ಅಲ್ಲಿಗೆ ನಿಂತಿತು. ಎದ್ದು ಮುಖ ಒರೆಸಿಕೊಂಡಳು.

"ನೋಡೇ ಬಿಡೋಣ" ಎಂದು, ಮಲಗಿದ್ದ ಕಾವಲನ್ನು ಎಬ್ಬಿಸಿ, ಸಮವಸ್ತ್ರದವನ ಪೆನ್‌ಡ್ರೈವನ್ನು ಕಿತ್ತು ಮತ್ತೆ ಚುಚ್ಚಿದಳು. ಎರಡು ಸೆಕೆಂಡು ಕೂಡ ಆಗಲಿಲ್ಲ. ಫ್ರೀ ಆ್ಯಂಟಿವೈರಸ್ ಕೆಂಪಾಗಿ ಕಿರುಚಿತು: ಅಪಾಯ, ತಡೆಯಲಾಗಿದೆ. ಅವಳು ಅದನ್ನೇ ದಿಟ್ಟಿಸಿ ನೋಡುತ್ತ ಕೂತಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು. ಆಮೇಲೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಬೀದಿಗಿಳಿದಳು.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ತಮ್ಮ ಒಬ್ಬರ ಕೈಗೆ ಡಬ್ಬಿ ಕೊಡುತ್ತ, ಪುಕ್ಕಟೆ ಸರಕು ನಂಬಿ ಕೆಟ್ಟವರ ಕಥೆ ಹೇಳುತ್ತಿದ್ದ. ಅಕ್ಕನನ್ನು ಕಂಡು ಬಾಯಿ ಮುಚ್ಚಿದ. ಅವಳು ಯಾರನ್ನೂ ಕೇಳದೆ ಮೇಜಿನ ಮೇಲಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದಳು. ಅವನ ದುಡ್ಡಿನ ಆ್ಯಂಟಿವೈರಸ್ಸೂ ಅಷ್ಟೇ ಬೇಗ, ಅಷ್ಟೇ ಕೆಂಪಾಗಿ ಕಿರುಚಿತು.

"ನೋಡಿದ್ರಾ?" ತಮ್ಮ ಗಿರಾಕಿಗಳ ಕಡೆ ತಿರುಗಿದ. "ಇದಕ್ಕೇ ಹೇಳೋದು. ನಿಂದೇನಾಯ್ತು ಅಕ್ಕಾ? ಎಲ್ಲಾ ಹೋಯ್ತಾ?"

"ಹೋಯ್ತು. ಅಮ್ಮನ ಬಳ್ಳೀನೂ ಹೋಯ್ತು."

ಅವನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆದರೆ ಬಾಯಿಯ ಅಭ್ಯಾಸ ಬಿಡಬೇಕಲ್ಲ. "ನಾನು ಬಡ್ಕೊಂಡೆ. ಫ್ರೀದು ಹಿಡಿಯಲ್ಲ ಅಂತ."

"ಹಿಡೀತು. ನಂದೂ ಹಿಡೀತು, ನಿಂದೂ ಹಿಡೀತು. ಎರಡೂ ಒಂದೇ ಥರ ಹಿಡಿದ್ವು."

"ಮತ್ತೆ ಹೇಗೆ ಒಳಗೆ ಬಂತು?"

"ಮಲಗಿಸಿದ್ದೆ."

ಗಿರಾಕಿಗಳಿಗೆ ಅರ್ಥವಾಗಲಿಲ್ಲ. ತಮ್ಮನಿಗೆ ಆಯಿತು. ಕೈಯಲ್ಲಿದ್ದ ಇನ್ನೊಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಮೂಲೆಯನ್ನು ಉಗುರಿನಿಂದ ಕೆರೆಯತೊಡಗಿದ.

"ನೀನು ಮಾರೋ ಬೀಗ ಚೆನ್ನಾಗೇ ಇದೆ. ಆದ್ರೆ ನಮ್ಮನೆ ಗೋಡೆಗೆ ಕನ್ನ ಕೊರೆದು ಕೊಟ್ಟೋನೂ ನೀನೇ" ಎಂದಳು ಅವಳು. ಹೇಳಿ ಮುಗಿಸುವಾಗ ದನಿ ಇಳಿಯಿತು. "ಹತ್ತು ವರ್ಷ ಅದರಲ್ಲೇ ನುಸುಳಿ ಓಡಾಡ್ದೋಳು ನಾನು. ಇವತ್ತು ಗೊತ್ತಾಯ್ತು ಅಂತ ಸುಳ್ಳು ಹೇಳಲ್ಲ. ದಿನಾ ಗೊತ್ತಿತ್ತು. ವರ್ಷಾ ವರ್ಷಾ ಡಬ್ಬಿ ಹಿಡ್ಕೊಂಡು ಬರ್ತಿದ್ಯಲ್ಲ, ನಿನಗೂ ಗೊತ್ತಿತ್ತು. ಇಬ್ರೂ ಅದೊಂದು ಬಿಟ್ಟು ಉಳಿದಿದ್ದಕ್ಕೆಲ್ಲ ಜಗಳ ಆಡಿದ್ವಿ."

ಒಬ್ಬ ಗಿರಾಕಿ ಮೆಲ್ಲನೆ ತನ್ನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದ.

ಅವಳು ಪೆನ್‌ಡ್ರೈವನ್ನು ಕಿತ್ತುಕೊಂಡು, ಪಕ್ಕದ ಮಾನಿಟರಿನ ಮೇಲಿದ್ದ ಬಟ್ಟೆಯನ್ನು ಎಳೆದುಕೊಂಡಳು. ಧೂಳು ಹಾರಿತು. ಗಾಜಿನಿಂದ ಬಿದ್ದ ಬಿಸಿಲಿಗೆ ಒಂಬತ್ತು ವರ್ಷ ಒಡ್ಡಿಕೊಂಡಿದ್ದ ಹಸಿರು, ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಎಣಿಸಿದಳು. ಏಳು ಎಲೆಗಳಿದ್ದವು. ಉಳಿದ ನಾಲ್ಕರ ದಾರ ಸವೆದು ಉದುರಿಹೋಗಿತ್ತು.

"ಅಕ್ಕಾ, ಅದು ನನ್ನ ಪಾಲಿಗೆ ಬಂದಿದ್ದು" ಎಂದ ತಮ್ಮ. ಅದರಲ್ಲಿ ಜಗಳವಿರಲಿಲ್ಲ, ಬೇರೆ ಮಾತು ಸಿಗದೆ ಹಳೆಯದನ್ನೇ ಆಡಿದ್ದ.

"ಹೌದು. ಮೂರು ತಿಂಗಳು ಅಂತ ಬರ್ಕೋ. ತೊಂಬತ್ತನೇ ದಿನ ಬಾಗಿಲು ತಟ್ಟು."

ಅವಳು ಬಾಗಿಲಿಗೆ ಹೋಗುವಷ್ಟರಲ್ಲಿ ಅವನು ಮೇಜಿನ ಈಚೆಗೆ ಬಂದ. ಕೈಯಲ್ಲಿ ಗಿರಾಕಿ ಬಿಟ್ಟುಹೋದ ಡಬ್ಬಿ ಇತ್ತು. "ಇದನ್ನ ತಗೊಂಡು ಹೋಗು. ನಾನೇ ಬಂದು ಹಾಕ್ಕೊಡ್ತೀನಿ. ಒಂದು ವರ್ಷದ್ದು. ಫ್ರೀಯಾಗಿ."

ಅವಳು ತಿರುಗಿ ನಿಂತಳು. ಆ ಮುಖದಲ್ಲಿ ಚಿಕ್ಕವನಾಗಿದ್ದಾಗಿನ ತಮ್ಮ ಕಂಡ. ಕಂಡರೂ ಅವಳಿಗೆ ಕರುಣೆ ಬರಲಿಲ್ಲ.

"ಬೇಡಪ್ಪ. ನಿನ್ನ ಕೈಯಿಂದ ಫ್ರೀಯಾಗಿ ಒಂದು ತಗೊಂಡಿದ್ದೀನಲ್ಲ, ಅದೇ ಸಾಕು."

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಕದ್ದ ಸಾಫ್ಟ್‌ವೇರನ್ನು ಅಳಿಸಿಹಾಕಿದ್ದು. ಫ್ರೀ ಆ್ಯಂಟಿವೈರಸ್ ಎದ್ದೇ ಇತ್ತು. 'ನಿಮ್ಮ ರಕ್ಷಣೆ ಅಪೂರ್ಣ' ಎಂದು ಮತ್ತೆ ಹಬ್ಬಿಕೊಂಡಿತು. ಅವಳು ಬೈಯಲಿಲ್ಲ, ಮಲಗಿಸಲೂ ಇಲ್ಲ. ಸಂಜೆ ಬಂದ ಸಮವಸ್ತ್ರದವನಿಗೆ ಪೆನ್‌ಡ್ರೈವ್ ವಾಪಸ್ ಕೊಟ್ಟು, ಟೋಪಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದಳು.

ಆಮೇಲೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಅಮ್ಮನ ತಗಡಿನ ಡಬ್ಬಿ ತೆರೆದು, ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ದಾರ ಹೋದ ಕಡೆ ಸೂಜಿಯ ತೂತುಗಳು ಹಾಗೆಯೇ ಇದ್ದವು. ಒಂದರ ಪಕ್ಕ ಒಂದು, ಅಮ್ಮ ಚುಚ್ಚಿದಷ್ಟೂ. ಹನ್ನೊಂದನೆಯ ಎಲೆಯ ತೂತುಗಳ ಮೇಲೆ ಬೆರಳಾಡಿಸುತ್ತ ಹೋದಳು. ಅಮ್ಮ ಆ ಎಲೆಯನ್ನು ಮೊದಲು ಮುಂದಕ್ಕೇ ಹಾಕಿದ್ದಳು. ಬಿಚ್ಚಿ, ಅದೇ ಜಾಗದಲ್ಲಿ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ್ದಳು. ಎರಡು ಸಾಲು ತೂತುಗಳಿದ್ದವು. ಬೇಕೆಂದೇ ಹಾಗೆ ಹಾಕಿದ್ದು. ಒಂಬತ್ತು ವರ್ಷ ತಾನು ತಿದ್ದುತ್ತಿದ್ದದ್ದು ಅಮ್ಮ ಆಗಲೇ ತಿದ್ದಿ ಮುಗಿಸಿದ್ದನ್ನು.

ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲಲಿಲ್ಲ. ಗಂಡನನ್ನು ಕೂಗಿದಳು. ಅವನು ಪೇಪರು ಮಡಚಿಟ್ಟು ಬಂದ.