ಯಾವ ಕೋರ್ಸಿಗೆ ಸೇರಲಿ? ಕೌಂಟರ್ ಅಕ್ಕನನ್ನು ಕೇಳಿ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಕಂಪ್ಯೂಟರ್ ತರಬೇತಿ ಕೇಂದ್ರದ ಶಟರ್ ಅರ್ಧಕ್ಕೆ ಬಂದು ಹಟ ಹಿಡಿದಿದೆ. ಅದಕ್ಕೆ ಭುಜ ಕೊಟ್ಟು ಮೇಲೆ ತಳ್ಳುತ್ತಿರುವ ಹೆಂಗಸು ಇಲ್ಲಿನ ಎಲ್ಲರಿಗೂ ‘ಕೌಂಟರ್ ಅಕ್ಕ’. ಒಳಗೆ ಹೋದವರೇ ಒಂದೊಂದಾಗಿ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಕೀಬೋರ್ಡಿನ ಸಂದಿಯಲ್ಲಿ ಸೇರಿಕೊಂಡ ಬಿಸ್ಕತ್ತಿನ ಪುಡಿಯನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಕೊಡವುತ್ತಾರೆ. “ಪ್ರೋಗ್ರಾಮ್ ಬರೆಯೋಕೆ ಬರ್ತಾರೋ, ತಿಂಡಿ ತಿನ್ನೋಕೆ ಬರ್ತಾರೋ ಗೊತ್ತಾಗಲ್ಲ ನೋಡಿ” ಎಂದು ನಗುತ್ತಾರೆ. ಅಷ್ಟರಲ್ಲಿ ಬೆಳಗಿನ ಬ್ಯಾಚಿನವರು ಕಣ್ಣುಜ್ಜಿಕೊಳ್ಳುತ್ತ ಮೆಟ್ಟಿಲು ಹತ್ತುತ್ತಾರೆ. ಬಹುತೇಕರು ಇಲ್ಲಿಂದ ನೇರ ಕೆಲಸಕ್ಕೆ ಹೋಗುವವರು.

ಇಲ್ಲಿ ವೆಬ್ ಆ್ಯಪ್ ಕಟ್ಟುವುದನ್ನು ಕಲಿಸುತ್ತಾರೆ. ಕೋರ್ಸುಗಳು ಎರಡು. ಸಣ್ಣದು ಏನೂ ಗೊತ್ತಿಲ್ಲದವರನ್ನು ಕೈಹಿಡಿದು ನಡೆಸುತ್ತದೆ. ದೊಡ್ಡದು ಪ್ರೋಗ್ರಾಮಿಂಗ್ ಅಷ್ಟಿಷ್ಟು ಬಲ್ಲವರಿಗೆ. ಅದು ನಡೆಯುವುದಿಲ್ಲ, ಓಡುತ್ತದೆ. ಗೋಡೆಯ ಪೋಸ್ಟರ್ ಮಾತ್ರ ದೊಡ್ಡದರದ್ದೇ. ಹಾಗಾಗಿ ಬಂದವರೆಲ್ಲ ಅದಕ್ಕೇ ಬೆರಳು ತೋರಿಸುತ್ತಾರೆ. ಆಗ ಅಕ್ಕನ ಪ್ರಶ್ನೆ ಒಂದೇ: “ಕಲಿತು ಏನು ಮಾಡ್ಬೇಕು ಅಂತಿದ್ದೀರಾ?”

ಈ ಪ್ರಶ್ನೆ ಕೇಳಿಸಿಕೊಳ್ಳುವ ಭಾಗ್ಯ ಅಕ್ಕನಿಗೇ ಇರಲಿಲ್ಲ. ಗಂಡನ ಜೊತೆ ನಡೆಸುತ್ತಿದ್ದ ಮುದ್ರಣಾಲಯ ಮುಚ್ಚಿದಾಗ ಅವರು ಇಲ್ಲಿಗೆ ಬಂದದ್ದು ವಿದ್ಯಾರ್ಥಿಯಾಗಿ. ಪೋಸ್ಟರ್ ನೋಡಿ ದೊಡ್ಡ ಕೋರ್ಸಿಗೇ ಸೇರಿದರು. “ಮೇಷ್ಟ್ರು ಸರ್ವರ್ ಅಂದ್ರು. ಊಟ ಬಡಿಸೋರಿಗೆ ಇಲ್ಲೇನು ಕೆಲಸ ಅಂದ್ಕೊಂಡೆ. ಪಕ್ಕದೋರೆಲ್ಲ ತಲೆಯಾಡಿಸ್ತಿದ್ರು, ನಾನೂ ಆಡಿಸ್ದೆ. ತಿಂಗಳು ಕಳೆಯೋದ್ರಲ್ಲಿ ಕತ್ತು ನೋವು ಬಂತೇ ಹೊರತು ವಿದ್ಯೆ ಬರಲಿಲ್ಲ.” ಬಿಟ್ಟು ಹೋಗುತ್ತೇನೆಂದು ಹೇಳಲು ಬಂದ ದಿನ ಕೌಂಟರ್ ಖಾಲಿ ಇತ್ತು. ಫೋನ್ ಬಡಿದುಕೊಳ್ಳುತ್ತಿತ್ತು. ಎತ್ತಿ ಮಾತಾಡಿದರು. ಅದೇ ಕೆಲಸವಾಯಿತು.

ಮೊದಮೊದಲು ಅಕ್ಕ ತಾವೇ ತೀರ್ಮಾನ ಕೊಡುತ್ತಿದ್ದರು. ಒಬ್ಬ ಹುಡುಗಿಯನ್ನು ಮಾತು ಕಡಿಮೆ ಎಂಬ ಒಂದೇ ಕಾರಣಕ್ಕೆ ಸಣ್ಣ ಕೋರ್ಸಿಗೆ ಹಾಕಿದರು. ವಾರದೊಳಗೆ ಅವಳು ಕೌಂಟರಿಗೆ ಬಂದು, “ಅಕ್ಕಾ, ನನ್ನನ್ನ ಶಿಶುವಿಹಾರಕ್ಕೆ ಸೇರಿಸಿಬಿಟ್ರಲ್ಲ!” ಎಂದು ದಬಾಯಿಸಿದಳು. ಅವಳಿಗೆ ಅದೆಲ್ಲ ಮೊದಲೇ ಗೊತ್ತಿತ್ತು. “ಮುಖ ನೋಡಿ ಅಳೆಯೋಕೆ ನಾನ್ಯಾರು?” ಎನ್ನುತ್ತಾರೆ ಅಕ್ಕ. ಅಂದಿನಿಂದ ಬಂದವರನ್ನು ಎರಡೂ ತರಗತಿಗಳ ಹಿಂದಿನ ಸಾಲಿಗೆ ಕಳಿಸುತ್ತಾರೆ. ನೋಡಿ ಬಂದು ಅವರೇ ಹೇಳಬೇಕು.

ಮಾಲೀಕರಿಗೆ ಇದು ಹಿಡಿಸಲಿಲ್ಲ. ಹೆಚ್ಚು ಶುಲ್ಕ ತರುವ ದೊಡ್ಡ ಕೋರ್ಸಿನ ಕುರ್ಚಿಗಳು ಖಾಲಿ ಬಿದ್ದರೆ ಅವರಿಗೂ ಕಷ್ಟವೇ. ಲಿಫ್ಟ್ ರಿಪೇರಿ ಮಾಡುವವನೊಬ್ಬ ದೊಡ್ಡದಕ್ಕೆ ಸೇರಲೆಂದೇ ಬಂದು, ಎರಡೂ ಕಡೆ ಕೂತು ನೋಡಿ, ಸಣ್ಣದನ್ನು ಆರಿಸಿಕೊಂಡಾಗ ಅವರ ತಾಳ್ಮೆ ಕೆಟ್ಟಿತು. “ನನ್ನ ಅಂಗಡೀಲಿ ಕೂತು ನನ್ನ ಗಿರಾಕಿಗಳನ್ನೇ ಸಣ್ಣದಕ್ಕೆ ಇಳಿಸ್ತೀರಲ್ಲಮ್ಮ! ಹೀಗೇ ಆದ್ರೆ ಮುಂದಿನ ತಿಂಗಳಿಂದ ಬೇರೆಯೋರನ್ನ ನೋಡ್ಕೋತೀನಿ.” ಅಕ್ಕ ವಾದಿಸಲಿಲ್ಲ. “ನೋಡ್ಕೊಳ್ಳಿ ಸಾರ್. ಅವರಿಗೂ ಇದನ್ನೇ ಹೇಳಿಕೊಟ್ಟು ಹೋಗ್ತೀನಿ” ಎಂದರು. ಮನೆಗೆ ಹೋದ ಮೇಲೆ ಗಂಡನ ಮುಂದೆ ಮಾತ್ರ ಕಣ್ಣು ತುಂಬಿಕೊಂಡರಂತೆ. ಹೊಸ ಕೆಲಸ ಹುಡುಕುವ ವಯಸ್ಸು ದಾಟಿತ್ತು.

ಇತ್ತ ಲಿಫ್ಟಿನವನು ಕಲಿತದ್ದನ್ನು ಕಲಿತಂತೆಯೇ ಕೆಲಸಕ್ಕೆ ಹಚ್ಚಿದ. ಅವನಿಗೆ ಬೇಕಿದ್ದದ್ದು ಇಷ್ಟೇ: ಯಾವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ ಎಂದು ಜನ ಫೋನಿನಲ್ಲೇ ತಿಳಿಸುವ ಒಂದು ಪುಟ. ಕಟ್ಟಿ ಮುಗಿಸಿ, ತಾನು ನೋಡಿಕೊಳ್ಳುವ ಲಿಫ್ಟುಗಳಲ್ಲೆಲ್ಲ ಅದರ ವಿಳಾಸ ಅಂಟಿಸಿದ. ಈ ಕಟ್ಟಡದ ಲಿಫ್ಟೂ ಅವನ ಸುಪರ್ದಿಯಲ್ಲೇ ಇತ್ತು. ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನ ಇದ್ದಾಗ ಎರಡನೇ ಮಹಡಿ ದಾಟಿ ಅದು ನಿಂತುಬಿಟ್ಟಿತು. ಒಳಗೆ ಮಾಲೀಕರೊಬ್ಬರೇ! ಅಂಟಿಸಿದ ಚೀಟಿ ನೋಡಿ, ಬೆವರುತ್ತ, ಪುಟ ತೆರೆದು ಗುಂಡಿ ಒತ್ತಿದರು. ಪಕ್ಕದ ಬೀದಿಯಲ್ಲಿದ್ದ ಲಿಫ್ಟಿನವನು ಓಡಿ ಬಂದ.

“ಬಾಗಿಲು ತೆಗೆದು, ‘ನಿಮ್ಮಲ್ಲೇ ಕಲಿತದ್ದು ಸಾರ್’ ಅಂದ. ಏನು ಹೇಳಲಿ?” ಎಂದು ಮಾಲೀಕರು ನನ್ನೆದುರು ಈಗ ಹೊಟ್ಟೆ ಹಿಡಿದು ನಗುತ್ತಾರೆ. ಅವತ್ತೇ ಕೌಂಟರಿಗೆ ಬಂದು ಅಕ್ಕನಿಗೆ, “ನೀವು ಎಲ್ಲೂ ಹೋಗ್ಬೇಡಿ” ಎಂದರಂತೆ. ಈಗ ಲಿಫ್ಟಿನವನು ಚೀಟಿ ಅಂಟಿಸಿದ ಕಟ್ಟಡಗಳ ಜನರೇ ವಿಚಾರಿಸಿಕೊಂಡು ಬರುತ್ತಿದ್ದಾರೆ. ಸಣ್ಣ ಕೋರ್ಸು ಮುಗಿಸಿದವರಲ್ಲಿ ಕೆಲವರು ದೊಡ್ಡದಕ್ಕೆ ತಾವಾಗಿಯೇ ಮುಂದುವರಿಯುತ್ತಿದ್ದಾರೆ.

ದಿನಕ್ಕೆ ಹತ್ತು ಹನ್ನೆರಡು ಜನ ಅಕ್ಕನ ಮುಂದೆ ನಿಲ್ಲುತ್ತಾರೆ. ನಾನಿದ್ದಾಗಲೇ ದಾದಿಯೊಬ್ಬರು ಸಮವಸ್ತ್ರದಲ್ಲೇ ಬಂದು, ಚೀಲವನ್ನೂ ಇಳಿಸದೆ, “ಬೇಗ ಮುಗಿಯೋದು ಯಾವುದು?” ಎಂದು ಕೇಳಿದರು. ಅಕ್ಕ ತಮ್ಮ ಕುರ್ಚಿ ಬಿಟ್ಟುಕೊಟ್ಟು ಅವರನ್ನು ಕೂರಿಸಿದರು.

ಹೊರಡುವಾಗ ಕೇಳಿದೆ: “ನಿಮಗೇನಾದರೂ ಆಸೆ?”

“ಇಲ್ಲೊಂದು ಬೆಂಚು ಹಾಕ್ಸಬೇಕು” ಎಂದರು ಅಕ್ಕ, ಗೋಡೆಯ ಬದಿಯ ಜಾಗವನ್ನು ಕೈಯಲ್ಲೇ ಅಳೆಯುತ್ತ. “ನಿಂತಿರೋರು ಎಲ್ಲದಕ್ಕೂ ಹೂಂ ಅಂದ್ಬಿಡ್ತಾರೆ. ಕೂತ್ಕೊಂಡ್ರೆ ತಾನೇ ಯೋಚನೆ ಮಾಡೋದು!”