ಬಸು ಕಾಕಾನ ಪಾಲಿನ ರೊಟ್ಟಿ

ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಸಿಡಿಯುವ ವಾಸನೆ ಬಂದರೆ ಬಾಯಲ್ಲಿ ನೀರೂರುವ ಬದಲು ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದೀತು. ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಎಳ್ಳಮಾವಾಸ್ಯೆಗೆ ಇನ್ನೂ ವಾರವಿರುವಾಗಲೇ ಆಯಿ, ಅಂದರೆ ನನ್ನ ಅಜ್ಜಿ, ಒಲೆಯ ಮುಂದೆ ಕೂತುಬಿಡುತ್ತಿದ್ದಳು. ತಟ್ಟಿದ ರೊಟ್ಟಿಯಲ್ಲಿ ಒಂದು ಗಂಟು ಯಾವಾಗಲೂ ಅವಳ ಕಿರಿಮಗ ಬಸು ಕಾಕಾನಿಗೆ. ಕಾಕಾ ಫೌಜಿನಲ್ಲಿದ್ದ. ರಜೆಗೆ ಬಂದರೆ ನನ್ನನ್ನು ಹೆಗಲ ಮೇಲೆ ಹೊತ್ತು ಹೊಲಕ್ಕೆ ಒಯ್ಯುತ್ತಿದ್ದ. ಆಯಿ ಗದರಿದರೆ, ಬಂದೂಕಿಗಿಂತ ಹಗುರ ಇದ್ದಾಳೆ ಎಂದು ನಗುತ್ತಿದ್ದ.

ಒಂದು ವರ್ಷ ಗಡಿಯ ಗುಡ್ಡಗಳಲ್ಲಿ ಯುದ್ಧವಾಯಿತು. ಕಾಕಾ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಬಂದ. ತೆರೆಯಬೇಡಿ ಎಂದು ಜೊತೆಗೆ ಬಂದ ಸಿಪಾಯಿಗಳು ಕೈಮುಗಿದರು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂಡಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಪೆಟ್ಟಿಗೆಯಲ್ಲಿದ್ದವನನ್ನು ಕೂಡಿಸುವುದು ಹೇಗೆ? ಹಾಗೆಯೇ ಮಲಗಿಸಿ ಮುಚ್ಚಿದರು. ವಾರ ಕಳೆದಿರಲಿಲ್ಲ, ಅಂಚೆಯವನು ಕಾಕಾನ ಕಾಗದ ತಂದ. ಕಾಕಾನ ಕಾಗದವೆಂದರೆ ಮನೆಯವರು, ಗೆಳೆಯರು ಎಲ್ಲ ಪಡಸಾಲೆಯಲ್ಲಿ ಕೂಡಬೇಕು, ಅವನ ಜೀವದ ಗೆಳೆಯ ದಸ್ತಗೀರ ಮಾಮಾ ಓದಬೇಕು, ಹೆಸರು ಬಂದವರು 'ಶರಣು' ಅನ್ನಬೇಕು. ಅವತ್ತೂ ಮಾಮಾ ಓದಿದ. ಆಯಿಗೆ ಶರಣು, ದಸ್ತಗೀರನಿಗೆ ಸಲಾಂ, ನನಗೊಂದು ಮುತ್ತು. ಕೊನೆಯಲ್ಲಿ, 'ಎಳ್ಳ ಅಮಾಸಿಗೆ ಬರ್ತೇನಿ ಯವ್ವಾ, ನನ್ನ ಪಾಲಿನ ರೊಟ್ಟಿ ತಗದಿಡು' ಎಂದಿತ್ತು. ಆಯಿ ಒಬ್ಬಳೇ 'ಶರಣು' ಎಂದಳು. ಆಮೇಲೆ ಕಣ್ಣೊರೆಸಿಕೊಂಡು, 'ನಮ್ಮವರ್ನ ಕೂಡಿಸಿ ಮಣ್ಣ ಮಾಡ್ತಾರ. ನೀವು ಮಲಗಿಸಿ ಬಂದೀರಿ. ಅಂವ ಯಾರ ಮಗನೋ ಏನೋ. ನನ್ನ ಮಗ ಬರ್ತಾನ' ಎಂದಳು. ಕಾಗದ ಬರೆದದ್ದು ಸಾಯುವ ಮೊದಲು ಎಂದು ಗೊತ್ತಿದ್ದೂ ಮಾಮಾ ಅದನ್ನು ಮಡಚಿ ಅವಳ ಕೈಗಿಟ್ಟ.

ಅಲ್ಲಿಂದ ಪ್ರತಿ ಎಳ್ಳಮಾವಾಸ್ಯೆಗೂ ಆಯಿ ಗಂಟು ಕಟ್ಟಿಟ್ಟಳು. ಕಾಕಾನನ್ನು ಮಣ್ಣು ಮಾಡಿದ ಜಾಗಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಊರವರು ಮುದುಕಿಗೆ ಭ್ರಮೆ ಎಂದರು, ನಾವೂ ಹಾಗೇ ನಂಬಿದೆವು. ಹೋದ ವರ್ಷ ಹಾಸಿಗೆ ಹಿಡಿದಾಗ ದಸ್ತಗೀರ ಮಾಮಾನನ್ನು ಕರೆಸಿದಳು. ಅವನ ಗಡ್ಡವೂ ಬೆಳ್ಳಗಾಗಿತ್ತು. ಅವನ ಕೈ ಹಿಡಿದು ಮೆಲ್ಲಗೆ ಹೇಳಿದಳು: 'ನನ್ನ ಕೂಡಿಸಬ್ಯಾಡ್ರಿ. ಬಸ್ಯಾನ ಬಾಜೂಕ ಮಲಗಸ್ರಿ.'

ಎಲ್ಲ ಗೊತ್ತಿದ್ದೇ ಇಷ್ಟು ವರ್ಷ ರೊಟ್ಟಿ ತಟ್ಟಿದ್ದಳೇ? ಮಾಮಾ ಮುಖ ಮುಚ್ಚಿಕೊಂಡು ಅತ್ತ.

ಅವಳು ಹೇಳಿದಂತೆಯೇ ಕಾಕಾನ ಪಕ್ಕದಲ್ಲಿ ಮಲಗಿಸಿದೆವು.