ಮುಗಿಯದ ರೀಲು
ಕೋಡಿಯ ಕಡಲ ಬದಿಯಲ್ಲಿ ಸುಜಿತನನ್ನು ನೋಡದವರಿಲ್ಲ. ಕೊರಳಲ್ಲಿ ಹಳೇ ಕಾಲದ್ದರಂತೆ ಕಾಣುವ ಹೊಸ ಡಿಜಿಟಲ್ ಕ್ಯಾಮೆರಾ. ಒಂದೊಂದು ಪಟಕ್ಕೂ ಇಲ್ಲದ ರೀಲನ್ನು ಸುತ್ತುವವನಂತೆ ಅದರ ಹಿಡಿಯನ್ನು ಕರ್ರೆಂದು ಎಳೆಯುತ್ತಾನೆ. "ರೀಲ್ ಕ್ಯಾಮೆರಾದ ಗಮ್ಮತ್ತೇ ಬೇರೆ ಮರ್ರೆ" ಎನ್ನುತ್ತಾನೆ. ಅಪ್ಪನ ನಿಜವಾದ ರೀಲ್ ಕ್ಯಾಮೆರಾಕ್ಕೆ ಕಪಾಟಿನಲ್ಲಿ ಬೂಸ್ಟು ಹಿಡಿದಿದೆ. ತೆಗೆದ ಪಟದಲ್ಲಿ ಪ್ಲಾಸ್ಟಿಕ್ ಕಂಡರೆ ಹಳೇ ಕಳೆ ಕೆಟ್ಟಿತೆಂದು ಅದನ್ನು ಅಲ್ಲೇ ಅಳಿಸುತ್ತಾನೆ. ಆ ಕರ್ರೆನ್ನುವ ಸದ್ದು ಕೇಳಿ ಒಳಗೆ ರೀಲಿದೆಯೆಂದೇ ನಂಬಿದವಳು ಮೀನು ಮಾರುವ ಗುಲಾಬಿ. ಗಂಡ ಚಂದಯ್ಯ ತೀರಿಕೊಂಡ ಮೇಲೆ ಕಂಡಾಗಲೆಲ್ಲ ಕೇಳುತ್ತಾಳೆ: "ನಮ್ಮಿಬ್ರ್ ಪಟ ಎಲ್ಲಿತ್ತ್ ಮಗಾ? ರೀಲ್ ಇನ್ನೂ ಮುಗಿಲಿಲ್ಯಾ?" ಗಂಡ ಹೆಂಡತಿಯ ಬೆನ್ನ ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಕಂಡಿತೆಂದು ಆ ಪಟವನ್ನು ತೆಗೆದ ಕೂಡಲೇ, ಅವಳೆದುರೇ ಅವಳಿಗೆ ತಿಳಿಯದಂತೆ ಅಳಿಸಿದ್ದವನು, "ಇನ್ನೆರಡ್ ಬಾಕಿ ಇತ್ತ್ ಅಕ್ಕಾ" ಎಂದು ನೆಲ ನೋಡುತ್ತಾನೆ. "ಹಾಂಗಾರೆ ಅದನ್ನ ನಂದೇ ತೆಗ್ದ್ ಮುಗ್ಸ್" ಎಂದು ಇವತ್ತು ಅವಳು ಬುಟ್ಟಿ ಇಳಿಸಿ ನಿಂತೇಬಿಟ್ಟಳು. ಸುಜಿತ ತೆಗೆದ. ಮುಖವೆಲ್ಲ ಉರಿಯುತ್ತಿದ್ದರೂ ಹಾಳು ಬೆರಳು ಮತ್ತೆ ಹಿಡಿಯನ್ನು ಕರ್ರೆಂದು ಎಳೆಯಿತು.